ಉಭಯ ಕುಶಲೋಪರಿ ಝೆಂಡು

ನಮ್ಮ ಕಾಕಾನ ಪತ್ರಗಳಲ್ಲಿ ಮನುಷ್ಯರು ಬರುವುದು ಅಪರೂಪ. ಬಂದರೂ ಹೂವಿನ ಬೆನ್ನು ಹತ್ತಿಯೇ ಬರುತ್ತಾರೆ: ಹೂ ಕೊಂಡವರು, ಹೂ ಕದ್ದವರು, ಹೂವಿನ ದುಡ್ಡು ಬಾಕಿ ಇಟ್ಟು ಬೇರೆ ದಾರಿ ಹಿಡಿದು ಓಡಾಡುವವರು. ಹದಿನೈದು ಪೈಸೆಯ ಕಾರ್ಡಿನ ನೆತ್ತಿಯ ಮೇಲೆ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’, ಅದರ ಕೆಳಗೆ ನನಗೆ ಆಶೀರ್ವಾದ, ಆಮೇಲೆ ‘ಉಭಯ ಕುಶಲೋಪರಿ’. ಅಲ್ಲಿಗೆ ಮನೆಮಂದಿಯ ವಿಷಯ ಮುಗಿಯಿತು. ಮುಂದೆ ಜಾಗ ಸಾಲದೆ ಅಕ್ಷರಗಳು ಅಂಚು ಹಿಡಿದು ಮೇಲೇರುವವರೆಗೂ ಝೆಂಡು, ಸೇವಂತಿಗೆ, ಗಲಾಂಡಾ, ಮಲ್ಲಿಗೆ. ಚೆಂಡು ಹೂವಿಗೆ ನಮ್ಮ ಬೀದರ ಸೀಮೆಯಲ್ಲಿ ಮರಾಠಿ ಗಾಳಿ ತಗುಲಿ ಝೆಂಡು ಆಗಿದೆ. ಆ ಝ ಅಕ್ಷರವನ್ನು ಕಾಕಾ ಉಳಿದವಕ್ಕಿಂತ ಒಂದು ಸುತ್ತು ದಪ್ಪ ಮಾಡಿ ಬರೆಯುತ್ತಿದ್ದ, ಲಗ್ನಪತ್ರಿಕೆಯಲ್ಲಿ ಮದುಮಗನ ಹೆಸರು ಹಾಕಿಸಿದ ಹಾಗೆ.

ನಮ್ಮೂರು ರಾಜೇಶ್ವರ ಇರುವುದು ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ, ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವೆ. ಆಗ ಹೆದ್ದಾರಿಗೆ 9 ಎಂಬ ನಂಬರಿತ್ತು, ಈಗ 65 ಆಗಿದೆ. ಲಾರಿಗಳು ಮಾತ್ರ ಅವೇ ಇರಬೇಕು ಎಂದು ನನ್ನ ಗುಮಾನಿ. ಕಾಕಾನ ಹೊಲ ಈ ರಸ್ತೆಯ ಮಗ್ಗುಲಿಗೇ. ಒಂದು ದಿಕ್ಕಿಗೆ ಸೊಲ್ಲಾಪುರ, ಇನ್ನೊಂದು ದಿಕ್ಕಿಗೆ ಹೈದರಾಬಾದ್. ಎರಡೂ ಊರಿನ ದೇವರುಗಳಿಗೆ, ಮದುವೆಗಳಿಗೆ, ಪುಢಾರಿಗಳ ಕೊರಳಿಗೆ ದಿನಾ ಹೂ ಬೇಕು. ನಡುವೆ ಕೂತ ನಾವು ತೊಗರಿ ಬಿತ್ತಿಕೊಂಡು ಯಾಕೆ ಇರಬೇಕು? ಇದು ಕಾಕಾನ ಅರ್ಥಶಾಸ್ತ್ರ. ಮುತ್ಯಾನದು ಬೇರೆ. ಅವನು ನಿಜಾಮನ ಕಾಲದಲ್ಲಿ ಉರ್ದು ಕಲಿತು, ಬರಗಾಲಗಳನ್ನು ಕಂಡು ಉಳಿದವನು. “ತಿನಲಾಕ ಬರಲಾರದ್ದು ಯಾನ್ ಬೆಳಿಯೋ?” ಎಂದು ಒಂದೇ ಮಾತು ಕೇಳಿ ಹುಕ್ಕಾದ ಕಡೆ ತಿರುಗುತ್ತಿದ್ದ. ಹೂಗಾರರ ಓಣಿಯವರಿಗೂ ಕಸಿವಿಸಿ. “ಗೌಡ್ರೇ, ಹೊಲ ನಿಮ್ಮದು ಖರೇ, ಹೂ ನಮ್ಮದಲ್ರೀ?” ಎಂದು ನಗುನಗುತ್ತಲೇ ಚುಚ್ಚುತ್ತಿದ್ದರು. ಅವರ ಹಕ್ಕೇನು ಸಣ್ಣದಲ್ಲ. ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನವರೆಗೆ ತಮ್ಮ ಮನೆತನದ ಬೇರು ಹಿಡಿದು ಹೇಳುವವರು ಅವರು. ಎಂಟುನೂರು ವರ್ಷದ ಹಿರಿತನದ ಎದುರಿಗೆ ಎರಡೂವರೆ ಎಕರೆಯ ನಮ್ಮ ಕಾಕಾ ಏನು ಹೇಳಿಯಾನು? ಬೆಳೆದದ್ದನ್ನು ಮೊದಲು ಅವರ ಓಣಿಗೇ ಕೊಡುತ್ತೇನೆ, ಉಳಿದದ್ದು ಹೈದರಾಬಾದಿನ ಜಾಂಬಾಗ್ ಹೂಪೇಟೆಗೆ ಎಂದು ಒಪ್ಪಂದ ಮಾಡಿಕೊಂಡ. ಆಮೇಲೆ ಅವರೇ ಅವನಿಗೆ ಹೂ ಹರಿಯುವ ಹೊತ್ತು, ಬುಟ್ಟಿಗೆ ತುಂಬುವ ರೀತಿ ಎಲ್ಲ ಹೇಳಿಕೊಟ್ಟರು. ಝೆಂಡು ನಸುಕಿನಲ್ಲಿ ಹರಿಯಬೇಕು, ಮಂಜು ಇದ್ದಾಗಲೇ ಗೋಣಿಗೆ ತುಂಬಬಾರದು, ತುಂಬಿದರೆ ಹೈದರಾಬಾದ್ ಮುಟ್ಟುವ ಹೊತ್ತಿಗೆ ಒಳಗೆ ಕಾವು ಹತ್ತಿ ಕಪ್ಪಾಗುತ್ತದೆ, ಇಂಥವು.

ನಾನು ಬೆಂಗಳೂರಿಗೆ ನೌಕರಿಗೆ ಬಂದು ಲಾಲ್‌ಬಾಗಿನ ಪಶ್ಚಿಮ ಬಾಗಿಲ ಕಡೆ ಒಂದು ಖೋಲಿ ಹಿಡಿದೆ. ವಿಳಾಸ: ಕೃಂಬಿಗಲ್ ರಸ್ತೆ. ಇದು ಕಾಕಾನ ಕೈಯಲ್ಲಿ ಸಿಕ್ಕು ಪಟ್ಟ ಪಾಡು ಆ ರಸ್ತೆಗೇ ಗೊತ್ತು. ಒಮ್ಮೆ ‘ಕುಂಬಿ ಗಲ್ಲಿ ರಸ್ತೆ’, ಒಮ್ಮೆ ‘ಕರಂಬಿಗಾಲ ರೋಡ’, ಒಂದು ಸಲ ಧೈರ್ಯ ಮಾಡಿ ‘ಕುಂಬಳಗಲ್ಲು’. ಅಂಚೆಯಣ್ಣ ಎಲ್ಲವನ್ನೂ ತಂದು ಕೊಟ್ಟ. ಕಡೆಗೆ ಕಾಕಾ ಸೋತು ಬರೆದ: “ನೀ ಇರೋ ರಸ್ತಾದ ಹೆಸರು ಯಾವ ಊರಿಂದು? ಯಾರಿಟ್ರು? ಕೇಳಿ ತಿಳಸು. ಝೆಂಡಿಗೆ ನೀರು ಹಾಯಸಲತ್ತೀನಿ.”

ಕೇಳಿ ತಿಳಿಸಿದೆ. ಅಲ್ಲಿಂದ ನಮ್ಮ ಪತ್ರವ್ಯವಹಾರಕ್ಕೆ ಮೂರನೆಯ ಮನುಷ್ಯನೊಬ್ಬ ಸೇರಿಕೊಂಡ.

ಗುಸ್ತಾವ್ ಹರ್ಮನ್ ಕೃಂಬಿಗಲ್. ಹುಟ್ಟಿದ್ದು 1865ರ ಡಿಸೆಂಬರಿನಲ್ಲಿ, ಜರ್ಮನಿಯ ಡ್ರೆಸ್ಡೆನ್ ಸಮೀಪದ ಲೋಮೆನ್ ಎಂಬ ಊರು. ತೋಟದ ಕೆಲಸವನ್ನೇ ಕಲಿತು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿ ಮಾಡಿದರು, ಕ್ಯೂ ಸಸ್ಯೋದ್ಯಾನದಲ್ಲಿ ದುಡಿದರು. 1893ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ತೋಟಗಳಿಗೆ ಬಂದರು. 1908ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಕರೆಸಿಕೊಂಡು ಲಾಲ್‌ಬಾಗು ಮತ್ತು ಸರ್ಕಾರಿ ತೋಟಗಳನ್ನು ಒಪ್ಪಿಸಿದರು. 1932ಕ್ಕೆ ನಿವೃತ್ತಿಯಾಯಿತು. ಆದರೆ ಮನುಷ್ಯ ಊರಿಗೆ ಹೋಗಲೇ ಇಲ್ಲ. ಬೆಂಗಳೂರಿನಲ್ಲೇ ಉಳಿದು, ಯುದ್ಧ ಬಂದಾಗ ಜರ್ಮನ್ ಎಂಬ ಒಂದೇ ಕಾರಣಕ್ಕೆ ಬ್ರಿಟಿಷರ ಬಂಧನದಲ್ಲಿ ಇದ್ದು, ಬಿಡುಗಡೆಯಾಗಿ ಮತ್ತೆ ಇಲ್ಲಿಗೇ ಬಂದು, 1956ರ ಫೆಬ್ರವರಿಯಲ್ಲಿ ತೊಂಬತ್ತರ ವಯಸ್ಸಿನಲ್ಲಿ ಇಲ್ಲಿಯೇ ಮಣ್ಣಾದರು.

ಇಷ್ಟನ್ನು ನಾನು ಒಂದು ಇನ್‌ಲ್ಯಾಂಡಿನಲ್ಲಿ ಮೂರೂ ಮಗ್ಗುಲು ತುಂಬ ಬರೆದು ಕಳಿಸಿದರೆ, ಕಾಕಾ ಅದರಲ್ಲಿ ಎರಡು ಇಸವಿ ಮಾತ್ರ ಹೆಕ್ಕಿಕೊಂಡ. ಒಂದು 1865. ನಮ್ಮ ಸೀಮೆಯ ಸಂತರು, ಮಾಣಿಕನಗರದ ಮಾಣಿಕಪ್ರಭುಗಳು ಸಮಾಧಿಯಾದ ವರ್ಷ ಅದೇ. “ಅವರು ಹೋದ ವರ್ಷವೇ ಇವರು ಬಂದಾರ” ಎಂದು ಬರೆದು ಕೆಳಗೆ ಒಂದು ಗೆರೆ ಎಳೆದಿದ್ದ; ಅದರ ಮುಂದೆ ಏನನ್ನೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು 1956. ಆ ವರ್ಷದ ನವೆಂಬರ್ ಒಂದಕ್ಕೆ ಹೈದರಾಬಾದ್ ರಾಜ್ಯ ಒಡೆದು ಬೀದರ ಜಿಲ್ಲೆ ಮೈಸೂರಿಗೆ ಸೇರಿತು. ಸಾಹೇಬರು ತೀರಿದ್ದು ಫೆಬ್ರವರಿಯಲ್ಲಿ. “ಒಂಬತ್ತು ತಿಂಗಳ ಮಾತು ನೋಡು. ಫಜಲ್ ಅಲಿ ಕಮಿಟಿದವರು ಜರಾ ಲಗೂ ಮಾಡಿದ್ರ ಸಾಹೇಬ್ರೂ ನಾವೂ ಒಂದೇ ರಾಜ್ಯದಾಗ ಇರತಿದ್ವಿ” ಎಂದು ಹಳಹಳಿಸಿದ. ರಾಜ್ಯ ಪುನರ್ವಿಂಗಡಣೆ ತಡವಾದದ್ದಕ್ಕೆ ಹೂವಿನ ಕಡೆಯಿಂದ ಸಲ್ಲಿಕೆಯಾದ ತಕರಾರು ಬಹುಶಃ ಇದೊಂದೇ.

ಕಾಕಾನಿಗೆ ಸಾಹೇಬರಲ್ಲಿ ಮೆಚ್ಚುಗೆಯಾದದ್ದು ಬೃಂದಾವನವಲ್ಲ, ಅರಮನೆಯ ತೋಟಗಳಲ್ಲ. ಬೆಂಗಳೂರಿನ ಬೀದಿಗಳಿಗೆ ಸಾಲುಮರ ಆರಿಸುವಾಗ ಅವರು ಇಟ್ಟುಕೊಂಡ ಲೆಕ್ಕ. ಒಂದು ಜಾತಿ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಬಿಡಬೇಕು. ನೀಲಿ ಜಕರಂದ ಮುಗಿಯಿತೆನ್ನುವಾಗ ಕೆಂಪು ಗುಲ್‌ಮೊಹರ್ ಏಳಬೇಕು. ಊರಿನಲ್ಲಿ ಯಾವ ತಿಂಗಳೂ ಬರಿದಾಗಿ ನಿಲ್ಲಬಾರದು. ಇದನ್ನು ಓದಿ ಕಾಕಾ, “ನಾನೂ ಅದೇ ಮಾಡಲತ್ತೀನಿ. ಖರೇ ಹೇಳಬೇಕಂದ್ರ ಸಾಹೇಬ್ರದು ಸುಲಭ. ಗಿಡ ಒಂದ್ಸಲ ಹಚ್ಚಿದ್ರ ಆಯ್ತು, ಮ್ಯಾಲ ಪಗಾರ. ನನಗ ಪ್ರತಿ ವರ್ಷ ಪಂಚಾಂಗ ಬದಲಾಗ್ತದ” ಎಂದು ಬರೆದ. ಅದರಲ್ಲಿ ಸತ್ಯವಿತ್ತು. ಶ್ರಾವಣದ ಸೋಮವಾರಗಳಿಗೆ ಬಿಡಿಹೂ, ಮಹಾನವಮಿಗೆ ಝೆಂಡು, ದೀವಳಿಗೆಗೆ ಇನ್ನಷ್ಟು ಝೆಂಡು, ಮಾಣಿಕನಗರದ ದತ್ತ ಜಯಂತಿಗೆ ಸೇವಂತಿಗೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಇದ್ದದ್ದೆಲ್ಲ. ಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾಕ್ಕೆ ಗುಲಾಬಿ. ಅಧಿಕಮಾಸ ಬಂದ ವರ್ಷ ಕಾಕಾನ ಸಂಕಟ ನೋಡಬಾರದು. ಸಸಿ ಜೂನಿನಲ್ಲಿ ಹಚ್ಚಿರುತ್ತಾನೆ, ಹಬ್ಬ ಒಂದು ತಿಂಗಳು ಮುಂದಕ್ಕೆ ಹೋಗಿರುತ್ತದೆ; ಹೂವಿಗೆ ಪಂಚಾಂಗ ಓದಲು ಬರುವುದಿಲ್ಲ.

ಸಾಹೇಬರ ಕಾಲದಲ್ಲಿ ಗಿಡಗಳು ದೇಶ ದಾಟಿದ್ದೇ ಅಂಚೆ ಮತ್ತು ಹಡಗಿನಲ್ಲಿ. ಒಂದು ಸಸ್ಯೋದ್ಯಾನದಿಂದ ಇನ್ನೊಂದಕ್ಕೆ ಬೀಜದ ಪೊಟ್ಟಣ, ಅದರೊಂದಿಗೆ ಒಂದು ಕಾಗದ. ತೋಟಗಾರರ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ ಎಂದು ನನಗೆ ಅನ್ನಿಸುವುದು ಅದಕ್ಕೇ: ಮೇಲೆ ವಂದನೆ, ಕೆಳಗೆ ಸಹಿ, ನಡುವೆ ಪಟ್ಟಿ. ಬರೆದವನ ಹೆಂಡತಿಗೆ ಹುಷಾರಿದೆಯೋ, ಅವನಿಗೆ ಸಾಲವಾಗಿದೆಯೋ, ರಾತ್ರಿ ನಿದ್ದೆ ಬರುತ್ತದೆಯೋ ಎಂಬುದನ್ನು ಆ ಪಟ್ಟಿಯಲ್ಲೇ ಹುಡುಕಿಕೊಳ್ಳಬೇಕು.

ನನಗೂ ಪಟ್ಟಿಗಳು ಬರತೊಡಗಿದವು. ಲಾಲ್‌ಬಾಗಿನ ನರ್ಸರಿಯವರ ಸೊಸೈಟಿಗೆ ಹೋಗಿ ಇಂಥ ಬೀಜ ತಗೊಂಡು ಕಳಿಸು. ಹೆಸರಘಟ್ಟದವರು ಆ್ಯಸ್ಟರಿನಲ್ಲಿ ‘ಕಾಮಿನಿ’, ‘ಪೂರ್ಣಿಮಾ’ ಎಂಬ ತಳಿ ಬಿಟ್ಟಾರಂತ, ವಿಚಾರಿಸು. ಸುಗಂಧರಾಜದ ಗಡ್ಡೆ ಈಗ ಬ್ಯಾಡ, ಮಾರ್ಚ್‌ದಾಗ ನೋಡೋಣ. ಊರಲ್ಲಿ ನನಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಮನೆಯಿಂದ ಬಂದ ಕಾರ್ಡಿನಲ್ಲಿ ‘ಕಾಮಿನಿ, ಪೂರ್ಣಿಮಾ, ಎರಡೂ ಛಲೋ ಅವ, ನಿನಗ ಯಾವುದು ಅನುಕೂಲ ನೋಡಿ ತಿಳಸು’ ಎಂದಿದ್ದನ್ನು ಖೋಲಿಯ ಜೊತೆಗಾರ ಓದಿಬಿಟ್ಟ. ಅವನ ಕಣ್ಣಿನಲ್ಲಿ ನನ್ನ ಬಗ್ಗೆ ಮೂಡಿದ ಗೌರವವನ್ನು ನಾನು ಬಹಳ ದಿನ ಕೆಡಿಸಲಿಲ್ಲ.

ಬೀಜಗಳು ಆ ಕಡೆಯಿಂದಲೂ ಬರುತ್ತಿದ್ದವು. ಝೆಂಡಿನ ಬೀಜವನ್ನು ನೀವು ಅಂಗೈಯಲ್ಲಿ ಇಟ್ಟು ನೋಡಿರಬೇಕು: ಅರ್ಧ ಕಪ್ಪು ಕಡ್ಡಿ, ಇನ್ನರ್ಧ ಹುಲ್ಲು ಬಣ್ಣದ ಬಾಲ, ಉಸಿರು ತಾಗಿದರೆ ಹಾರಿಹೋಗುತ್ತದೆ. ಕಾಕಾ ಬೀಜಕ್ಕೆ ಮೊದಲ ಹೂ ಬಿಡುತ್ತಿರಲಿಲ್ಲ, ಕಡೆಯದನ್ನೂ ಬಿಡುತ್ತಿರಲಿಲ್ಲ. ನಡುವಿನ ಕೊಯ್ಲಿನಲ್ಲಿ, ಹೊಲದ ನಟ್ಟನಡುವೆ ನಿಂತ ಗಿಡವೊಂದನ್ನು ಗುರುತಿಸಿ ಅದರ ಟೊಂಗೆಗೆ ಹಳೇ ಸೀರೆಯ ಅಂಚು ಕಟ್ಟುತ್ತಿದ್ದ. ಆ ಹೂ ಗಿಡದ ಮೇಲೇ ಒಣಗಿ ತೊಟ್ಟು ಕಂದಾದ ಮೇಲೆ ಕಿತ್ತು, ನೆರಳಿನಲ್ಲಿ ಹಿತ್ತಾಳೆಯ ತಾಟಿನಲ್ಲಿ ಹರವುತ್ತಿದ್ದ. ಪೇಟೆಯಿಂದ ತಂದ ಹೈಬ್ರಿಡ್ ತಳಿಯ ಬೀಜವನ್ನು ಹೀಗೆ ಇಟ್ಟುಕೊಂಡರೆ ಮರುವರ್ಷ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಕಾಕಾನಿಗೆ ಅದು ಗೊತ್ತಾದ ವರ್ಷ ಹೊಲದಲ್ಲಿ ಕೇಸರಿ, ಹಳದಿ, ಗಿಡ್ಡ, ಉದ್ದ ಎಲ್ಲ ಕಲಸಿ ನಿಂತಿದ್ದವು. “ನಮ್ಮ ಗ್ರಾಮ ಪಂಚಾಯ್ತಿ ಕಂಡಂಗ ಕಾಣಲತ್ತದ” ಎಂದು ಬರೆದಿದ್ದ.

ಅವನ ಕಾರ್ಡುಗಳಲ್ಲಿ ಯಾವುದು ಬೆಳೆಯ ಸುದ್ದಿ, ಯಾವುದು ನನಗೆ ಹೇಳಿದ ಮಾತು ಎಂದು ಬೇರ್ಪಡಿಸುವುದು ಕಷ್ಟವಿತ್ತು. ಆಫೀಸಿನಲ್ಲಿ ನನ್ನ ಬಡ್ತಿ ತಪ್ಪಿ ಇನ್ನೊಬ್ಬರಿಗೆ ಹೋದಾಗ ಮನಸ್ಸು ಕೆಟ್ಟು ಉದ್ದಕ್ಕೆ ಬರೆದಿದ್ದೆ. ಉತ್ತರ ಬಂತು: “ನಿನ್ನ ಕಾಗದ ಮುಟ್ಟಿತು. ಝೆಂಡು ಹಚ್ಚಿ ತಿಂಗಳಾಯ್ತು, ತುದಿ ಚಿವುಟಿಸಲತ್ತೀನಿ. ಚಿವುಟಿದ ಮ್ಯಾಲೇ ಬಗಲ ಟೊಂಗಿ ಒಡೀತಾವ. ಮಳಿ ಇಲ್ಲ.” ಸಾಂತ್ವನ ಎಂದುಕೊಂಡು ಓದಿದರೆ ಸಾಂತ್ವನ. ಕೂಲಿಯಾಳುಗಳ ಲೆಕ್ಕ ಎಂದುಕೊಂಡರೆ ಅದೂ ಸರಿಯೇ.

ಒಂದು ಸಲ ಮಾತ್ರ ನಾನು ಕೊಟ್ಟ ಸುದ್ದಿಯಿಂದ ಕಾಕಾ ನಿಜವಾಗಿ ಮುನಿಸಿಕೊಂಡ. ಚೆಂಡು ಹೂ ಮೂಲತಃ ನಮ್ಮ ದೇಶದ್ದಲ್ಲ, ಮೆಕ್ಸಿಕೋದ್ದು. ಪೋರ್ಚುಗೀಸರು ಬಂದ ಮೇಲೆ ಈ ಕಡೆ ಬಂತು. ಅಲ್ಲಿಯವರು ನವೆಂಬರಿನಲ್ಲಿ ಸತ್ತ ಹಿರಿಯರನ್ನು ಮನೆಗೆ ಕರೆಯಲು ಇದೇ ಹೂವಿನ ದಾರಿ ಹಾಸುತ್ತಾರೆ ಎಂದು ಎಲ್ಲೋ ಓದಿದ್ದನ್ನು ಉತ್ಸಾಹದಿಂದ ಬರೆದುಬಿಟ್ಟಿದ್ದೆ. ಬಹಳ ದಿನ ಉತ್ತರವಿಲ್ಲ. ಕಡೆಗೆ ಬಂದ ಕಾರ್ಡಿನಲ್ಲಿ ಝ ಅಕ್ಷರ ಉಳಿದವುಗಳ ಅಳತೆಗೆ ಇಳಿದಿತ್ತು. “ಅಂದ್ರ ಬಸವಣ್ಣನವರು ಝೆಂಡು ನೋಡೇ ಇಲ್ಲ? ಹೂಗಾರ ಮಾದಯ್ಯ ಯಾನ್ ಪೋಣಿಸ್ತಿದ್ದ?” ನ್ಯಾಯವಾದ ಪ್ರಶ್ನೆ. ಕಣಗಿಲೆ, ಸಂಪಿಗೆ, ಮಲ್ಲಿಗೆ, ತುಂಬೆ, ಎಕ್ಕೆ, ಬಿಲ್ವಪತ್ರೆ ಇದ್ದವಲ್ಲ ಎಂದು ಸಮಾಧಾನ ಬರೆದೆ. ಜೊತೆಗೆ, ಮೆಣಸಿನಕಾಯಿಯೂ ಆ ಕಡೆಯದೇ, ಅದೂ ಆಗ ಇರಲಿಲ್ಲ ಎಂದೆ. ಇದು ಕೆಲಸ ಮಾಡಿತು. ಝೆಂಡಿನ ದುಃಖ ಮರೆತು ಕಾಕಾ, “ಖಾರ ಇಲ್ದ ಕಲ್ಯಾಣ ಹ್ಯಾಂಗ ನಡೀತೋ ತಮ್ಮಾ!” ಎಂದು ಬೆರಗಾದ. ಮೆಣಸಿನಕಾಯಿ ನಮ್ಮದಾಗಬಹುದಾದರೆ ಝೆಂಡೂ ನಮ್ಮದೇ ಎಂಬ ತೀರ್ಮಾನಕ್ಕೆ ಬಂದಿರಬೇಕು. ಮುಂದಿನ ಕಾರ್ಡಿನಲ್ಲಿ ಝ ಮತ್ತೆ ಮೈದುಂಬಿಕೊಂಡಿತು. ಕಲ್ಯಾಣದ ಕಥೆಯ ನಾಟಕ, ಸಿನಿಮಾಗಳಲ್ಲಿ ಅನುಭವ ಮಂಟಪದ ಕಂಬಕ್ಕೆ ಚೆಂಡು ಹೂವಿನ ಮಾಲೆ ಸುತ್ತಿದ್ದನ್ನು ಕಂಡಾಗಲೆಲ್ಲ ನನಗೆ ಈಗಲೂ ಕಾಕಾನ ಆ ಮುನಿಸು ನೆನಪಾಗುತ್ತದೆ.

ಸೇವಂತಿಗೆಯ ಕಥೆ ಹೇಳದಿದ್ದರೆ ಕಾಕಾನಿಗೆ ಅನ್ಯಾಯವಾಗುತ್ತದೆ. ಹೊಲದ ರಸ್ತೆ ಬದಿಗೆ ಒಂದು ಢಾಬಾ ಬಂತು. ಲಾರಿಯವರಿಗೆ ದೂರದಿಂದಲೇ ಕಾಣಲೆಂದು ಎತ್ತರದ ಕಂಬದ ಮೇಲೆ ದೊಡ್ಡ ಮರ್ಕ್ಯುರಿ ದೀಪ. ಊರಿಗೆಲ್ಲ ಕರೆಂಟ್ ಹೋದರೂ ಅದಕ್ಕೆ ಹೋಗದು, ಜನರೇಟರ್ ಇತ್ತು. ಆ ವರ್ಷ ಢಾಬಾದ ಮಗ್ಗುಲಿನ ಆರು ಸಾಲು ಸೇವಂತಿಗೆ ಎದೆಮಟ್ಟ ಬೆಳೆದವು, ಎಲೆ ಕಪ್ಪುಹಸಿರು, ಮೊಗ್ಗು ಒಂದೂ ಇಲ್ಲ. ಆ ಕಡೆಯ ಸಾಲುಗಳಲ್ಲಿ ಕಾಳು ಕಾಳು ಮೊಗ್ಗು. ಮಹಾನವಮಿ ಬಂತು, ಹೋಯಿತು. ಕಾಕಾ ಗೊಬ್ಬರ ಬದಲಿಸಿದ, ಔಷಧ ಹೊಡೆದ, ಚಿಗವ್ವ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟಳು (ಅದೂ ಮೆಕ್ಸಿಕೋದ ಕಡೆಯದೇ, ಇರಲಿ). ಆಮೇಲೆ ನನಗೆ ಪತ್ರ: “ತಿಳಿದವರನ್ನು ಕೇಳು.”

ಕೇಳಿದೆ. ತೋಟಗಾರಿಕೆ ಓದಿದ ಹಿರಿಯರೊಬ್ಬರು ನನ್ನ ಮಾತು ಪೂರ್ತಿ ಕೇಳದೆಯೇ, “ಹತ್ತಿರದಲ್ಲಿ ದೀಪ ಇದೆಯಾ?” ಎಂದರು. ಸೇವಂತಿಗೆ ರಾತ್ರಿಯನ್ನು ಅಳೆಯುವ ಗಿಡ. ಮಳೆಗಾಲ ಕಳೆದು ರಾತ್ರಿ ಉದ್ದವಾಗುತ್ತಾ ಬಂದು, ಅಷ್ಟು ಹೊತ್ತು ಎಡೆಬಿಡದೆ ಕತ್ತಲು ಸಿಕ್ಕರೆ ಮಾತ್ರ ಅದು ಮೊಗ್ಗು ಕಟ್ಟುವುದು. ನಡುರಾತ್ರಿ ಬೆಳಕು ಬಿದ್ದರೆ ಇನ್ನೂ ಬೇಸಗೆಯೇ ಇದೆ ಎಂದು ತಿಳಿದು ಎಲೆ ಬಿಡುತ್ತಾ ಕೂರುತ್ತದೆ. ಇದನ್ನು ಬರೆದು ಕಳಿಸಿದೆ. ಕಾಕಾ ಆ ಕಾರ್ಡು ಹಿಡಿದುಕೊಂಡೇ ಢಾಬಾದವನ ಹತ್ತಿರ ಹೋದ. ದೀಪ ಆರಿಸಿದರೆ ಲಾರಿ ನಿಲ್ಲುವುದಿಲ್ಲ, ಲಾರಿ ನಿಲ್ಲದಿದ್ದರೆ ನನ್ನ ಮಕ್ಕಳು ಸೇವಂತಿಗೆ ತಿನ್ನಬೇಕೇನು ಎಂದು ಅವನು. ಎರಡು ದಿನ ಮಾತುಕತೆ ನಡೆದು, ಕಡೆಗೆ ಕಾಕಾ ಸಕ್ಕರೆ ಚೀಲಗಳನ್ನು ಹೊಲಿದು, ಬಿದಿರು ನೆಟ್ಟು, ದೀಪಕ್ಕೂ ಹೊಲಕ್ಕೂ ನಡುವೆ ಒಂದು ಪರದೆ ಎತ್ತಿ ನಿಲ್ಲಿಸಿದ. ಬಯಲಾಟಕ್ಕೆ ತಯಾರಿ ನಡೆದಿದೆಯೆಂದು ತಿಳಿದು ಅಕ್ಕಪಕ್ಕದ ಹಳ್ಳಿಯವರು ಆಟ ಎಂದಿಗೆ ಎಂದು ವಿಚಾರಿಸಿಕೊಂಡು ಹೋದರು.

ಗಿಡ ಕತ್ತಲು ಕಂಡಿತು. ದೀವಳಿಗೆಗೆ ಬರಬೇಕಾದ ಹೂ ಸರಿಯಾಗಿ ದತ್ತ ಜಯಂತಿಯ ಹೊತ್ತಿಗೆ ಬಿರಿಯಿತು. ಅಷ್ಟರಲ್ಲಿ ಉಳಿದವರ ಸೇವಂತಿಗೆಯೆಲ್ಲ ಮುಗಿದಿತ್ತು. ಮಾಣಿಕನಗರದ ಜಾತ್ರೆಯಲ್ಲಿ ಕಾಕಾನದ್ದೇ ಹೂ, ಕಾಕಾನದ್ದೇ ದರ. ಮರುವರ್ಷ ಸೆಪ್ಟೆಂಬರಿನಲ್ಲಿ ಅವನೇ ಢಾಬಾಕ್ಕೆ ಹೋಗಿ, “ದೀಪ ಆರಸಬ್ಯಾಡ್ರೀ, ಜರಾ ಈ ಕಡಿ ತಿರಗಸ್ರೀ” ಎಂದು ಕೇಳಿಕೊಂಡ. ಬಾಡಿಗೆಯೆಂದು ಢಾಬಾದ ಗಲ್ಲೆಯ ಮೇಲಿನ ಪಟಕ್ಕೆ ದಿನಾ ಒಂದು ಮಾಲೆ. ದೊಡ್ಡ ಪಾಲಿಹೌಸಿನವರು ಬಲ್ಬು ಕಟ್ಟಿ, ಕಪ್ಪು ಪರದೆ ಎಳೆದು ಹೂ ಬಿಡುವ ದಿನವನ್ನು ಬೇಕಾದ ಹಾಗೆ ಹಿಂದೆ ಮುಂದೆ ಮಾಡುತ್ತಾರೆಂದು ಆಮೇಲೆ ತಿಳಿಯಿತು. ನಮ್ಮ ಕಾಕಾ ಅದನ್ನು ತಂದೂರಿ ರೊಟ್ಟಿಯ ವಾಸನೆಯ ನಡುವೆ ಮಾಡಿದ್ದ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪವಾಯಿತು. ಗಣಪತಿ ಮುಳುಗಿಸಿ ಬಂದು ಮಲಗಿದ ಜನ. ಲಾತೂರು, ಉಸ್ಮಾನಾಬಾದ್ ಕಡೆ ಸಾವಿರಾರು ಮಂದಿ ಕಲ್ಲುಮಣ್ಣಿನ ಮನೆಗಳಡಿ ಹೋದರು. ಗಡಿಯ ಈಚೆಗಿನ ನಮ್ಮೂರೂ ನಡುಗಿತ್ತು. ಫೋನು ಸಿಗದು, ನಾನಿಲ್ಲಿ ಒದ್ದಾಡುತ್ತಿದ್ದೆ. ಕಾರ್ಡು ಬಂತು. “ಉಭಯ ಕುಶಲೋಪರಿ. ಗುರುವಾರ ನಸುಕಿನ್ಯಾಗ ಭೂಮಿ ನಡುಗಿತು. ಝೆಂಡಿನ ಮೊಗ್ಗು ಒಂದೂ ಉದುರಿಲ್ಲ.” ನನಗೆ ಸಿಟ್ಟು ಬಂದದ್ದು ನಿಜ. ಮನೆಯ ಗೋಡೆ ನಿಂತಿದೆಯೋ, ಮುತ್ಯಾ ಹೇಗಿದ್ದಾನೆ, ಒಂದು ಸಾಲು ಬೇಡವೇ? ಮುಂದಿನ ತಿಂಗಳ ಕಡೆಗೆ ಇನ್ನೊಂದು ಕಾರ್ಡು: “ಈ ಸಲ ಉಮರ್ಗಾ ಕಡಿಯವರು ಯಾರೂ ಹಬ್ಬಕ್ಕ ಹೂ ಕೇಳಲಾಕ ಬರಲಿಲ್ಲ. ಹೂ ಗಿಡದ ಮ್ಯಾಲೇ ಬಿಟ್ಟೀನಿ. ಹೈದರಾಬಾದಿಗೂ ಕಳಸಲಿಲ್ಲ.” ಆ ಹೂವಿಗೆ ಹೈದರಾಬಾದಿನಲ್ಲಿ ದಸರೆಯ ದರ ಇತ್ತು. ಕಾಕಾ ಕಳಿಸಲಿಲ್ಲ. ಅದಕ್ಕಿಂತ ಹೆಚ್ಚು ಬರೆಯುವುದು ಅವನ ಕೈಗೆ ಬರುತ್ತಿರಲಿಲ್ಲ.

ಬಾವಿಯ ಹತ್ತಿರದ ಮಲ್ಲಿಗೆ ಮಡಿ ಚಿಗವ್ವನದು. ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಹರಿಯಬೇಕು. ಬಿಸಿಲೇರಿದರೆ ಕೈಗೆ ಬಂದದ್ದು ಪೇಟೆಗೆ ಮುಟ್ಟುವಷ್ಟರಲ್ಲಿ ಅರಳಿ ಕೆಡುತ್ತದೆ. ಕಂದೀಲು ಬಾವಿಯ ಕಟ್ಟೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಕತ್ತಲಲ್ಲಿ ಯಾವ ಮೊಗ್ಗು ಈವತ್ತಿನದು, ಯಾವುದು ನಾಳೆಯದು ಎಂದು ಬೆರಳಿನಲ್ಲೇ ನೋಡಿ ಹರಿಯುತ್ತಿದ್ದಳು. ಕಾಕಾನ ಪತ್ರಗಳಲ್ಲಿ ಅವಳ ಹೆಸರು ಎಂದೂ ಬರಲಿಲ್ಲ. ‘ಮಲ್ಲಿಗಿ ಛಲೋ ನಡದಾದ’ ಎಂದಿದ್ದರೆ ಅವಳು ಹುಷಾರಾಗಿದ್ದಾಳೆ; ‘ಮಲ್ಲಿಗಿ ಜರಾ ಕಡಿಮಿ’ ಎಂದಿದ್ದರೆ ಮೊಣಕಾಲು ನೋವು. ಅವಳು ತೀರಿಕೊಂಡಾಗ ನಾನು ಊರಿಗೆ ಹೋಗಿ ಮಣ್ಣು ಮಾಡಿ ಬಂದೆ. ತಿರುಗಿ ಬಂದ ಕೆಲವು ದಿನಕ್ಕೆ ಕಾರ್ಡು. ‘ಉಭಯ ಕುಶಲೋಪರಿ’ ಇರಲಿಲ್ಲ. “ಮಲ್ಲಿಗಿ ಗಿಡದಾಗ ಅರಳಿ ಉದುರಲತ್ತಾವ. ಹರಿಯವರಿಲ್ಲ. ಮಡಿ ತಗಸಿ ತೊಗರಿ ಹಾಕ್ತೀನಿ.” ಮುತ್ಯಾ ಬದುಕಿನುದ್ದಕ್ಕೂ ಬೇಡಿಕೊಂಡ ತೊಗರಿ ಹಾಗೆ ಆ ಹೊಲಕ್ಕೆ ಬಂತು. ನೋಡಲು ಮುತ್ಯಾ ಇರಲಿಲ್ಲ.

ದಿನಾ ಹೂ ಹರಿಯುವ ಮನೆಯವರು ಊರು ಬಿಟ್ಟು ಹೋಗಲಾರರು. ಬೆಂಗಳೂರಿಗೆ ಬಾ ಎಂದು ನಾನು ವರ್ಷಗಟ್ಟಲೆ ಕರೆದರೂ ಬಾರದ ಕಾಕಾ, ಮಲ್ಲಿಗೆ ಹೋದ ಮೇಲೆ ಒಂದು ಜನವರಿಯಲ್ಲಿ ಹುಮನಾಬಾದಿನಿಂದ ರಾತ್ರಿ ಬಸ್ಸು ಹತ್ತಿ ಬಂದುಬಿಟ್ಟ. ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆದಿತ್ತು. ಅದನ್ನು ನಡೆಸುವ ಮೈಸೂರು ಉದ್ಯಾನ ಕಲಾ ಸಂಘವನ್ನು 1912ರಲ್ಲಿ ಕಟ್ಟಿದ್ದು ಸಾಹೇಬರೇ ಎಂದು ಹೇಳಿದೆ. ಕಾಕಾ ಧೋತರದ ಚುಂಗು ಹಿಡಿದು, 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನಮನೆಯೊಳಗೆ, ಹೂವಿನಲ್ಲೇ ಮಾಡಿದ ದೊಡ್ಡ ಗೋಪುರದ ಎದುರಿಗೆ ನಿಂತ. ಜನರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವನು ತುಟಿ ಅಲುಗಿಸುತ್ತ ಏನೋ ಲೆಕ್ಕ ಹಾಕುತ್ತಿದ್ದ. ಎಷ್ಟು ಕ್ವಿಂಟಲ್ ಎಂದು ಲೆಕ್ಕ ಸಿಕ್ಕಿತೇನೋ, “ಇಷ್ಟು ಹೂ, ಒಳಗ ದೇವ್ರು ಇಲ್ಲಲ್ಲೋ?” ಎಂದ. ಇಲ್ಲ ಎಂದೆ. “ಮತ್ತ ರೊಕ್ಕ ಯಾರು ಕೊಡ್ತಾರ?” ತಿಕೀಟಿನಿಂದ ಬರುತ್ತದೆ ಎಂದೆ. ಹೂ ಕೊಳ್ಳದೆ ಬರೀ ನೋಡಲಿಕ್ಕೆ ದುಡ್ಡು ಕೊಡುವ ಮಂದಿಯ ಊರನ್ನು ಅವನು ಒಂದು ಕ್ಷಣ ಆಸೆಯ ಕಣ್ಣಿನಿಂದ ನೋಡಿದ.

ಮರುದಿನ ಸಾಹೇಬರ ಸಮಾಧಿ ನೋಡಬೇಕು ಎಂದ. ಬರಿಗೈಯಲ್ಲಿ ಹೋಗುವುದು ಹೇಗೆಂದು ಮೊದಲು ಸಿಟಿ ಮಾರ್ಕೆಟ್ಟಿಗೆ. ಅಲ್ಲಿ ಹೂ ಮಾರುವವಳು ಮಾರು ಅಳೆದರೆ ಕಾಕಾ ತನ್ನ ಕೈ ಚಾಚಿ ಮತ್ತೊಮ್ಮೆ ಅಳೆದ. ಬೆಳೆದವನ ಮಾರು ದೊಡ್ಡದೋ ಮಾರುವವಳ ಮಾರು ದೊಡ್ಡದೋ ಎಂದು ತಮಿಳು ಮತ್ತು ಬೀದರಿನ ನಡುವೆ ಬಹಳ ಹೊತ್ತು ಚರ್ಚೆಯಾಯಿತು. ಹೂವಿನಲ್ಲಿ ಕಾವು ಹತ್ತಿದೆ ಎಂದು ಹಾರದ ಒಳಗೆ ಬೆರಳು ತೂರಿಸಿ ತೋರಿಸಿದ. ಅವಳೂ ಬಲ್ಲವಳೇ, ದರ ಇಳಿಸಿದಳು.

ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಕಾವಲಿನವನು ಹಾರ ಹಿಡಿದ ಧೋತರದ ಮುದುಕನನ್ನು ನೋಡಿ, “ಅವರು ನಿಮಗೆ ಏನಾಗಬೇಕು?” ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ, “ನಮ್ಮ ಖಾತೇದವರು” ಎಂದ. ಕಾವಲಿನವನು ಕಾಕಾನನ್ನು ರಿಟೈರ್ಡ್ ಅಧಿಕಾರಿ ಎಂದುಕೊಂಡು ಎದ್ದು ನಿಂತ. ಹಾರ ಹಾಕಿ, ಕೈ ಮುಗಿದು, ಆಮೇಲೆ ಕಾಕಾ ಕುಕ್ಕರಗಾಲಿನಲ್ಲಿ ಕೂತು ಅಲ್ಲಿನ ಮಣ್ಣನ್ನು ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿ ನೋಡಿದ. “ಕೆಂಪು ಮಣ್ಣು. ನೀರು ನಿಲ್ಲಂಗಿಲ್ಲ. ಝೆಂಡಿಗೆ ಛಲೋ.”

ಊರಿಗೆ ಹೋದ ಮೇಲೆ ಲಕೋಟೆ ಬಂತು. ಒಳಗೆ ಹತ್ತಿಯಲ್ಲಿ ಸುತ್ತಿದ ಬೀಜ, ಅಂಚೆಯವರ ಮುದ್ರೆಯ ಏಟು ಬೀಳದಿರಲೆಂದು. ಜೊತೆಗೆ ಚೀಟಿ: “ಉಭಯ ಕುಶಲೋಪರಿ. ಸಾಹೇಬ್ರ ಬಾಜೂಕ ಜಾಗ ಖಾಲಿ ಅದ. ಜೂನ್ ಮೊದಲ ಮಳಿಗಿ ಹಾಕಿ ಬಾ. ತೊಗರಿ ಛಲೋ ಅದ.”

ಜೂನಿನಲ್ಲಿ ಹೋದೆ. ಗೋರಿಗಳ ನಡುವೆ ಹಾಗೆಲ್ಲ ಬಿತ್ತಲು ಬಿಡುವುದಿಲ್ಲ ಎಂದು ಕಾವಲಿನವನು ತಡೆದ. ನಾನು ಪೊಟ್ಟಣ ಕಿಸೆಗೆ ಹಾಕಿಕೊಳ್ಳಲು ಹೋದಾಗ, ಬೀಜ ಯಾವುದೆಂದು ಕೇಳಿ, ತನ್ನ ಕೋಣೆಯ ಪಕ್ಕ ಬಾಗಿಲ ಹತ್ತಿರ ಹಾಕಿಕೊಳ್ಳುತ್ತೇನೆ ಎಂದು ತಾನೇ ಇಸಿದುಕೊಂಡ. ಮಹಾನವಮಿಯ ಸುಮಾರಿಗೆ ಆ ದಾರಿಯಲ್ಲಿ ಹೋಗುವಾಗ ಬಸ್ಸಿನಿಂದ ಇಳಿದು ನೋಡಿದೆ. ಬಾಗಿಲ ಎರಡೂ ಬದಿಗೆ ಕೇಸರಿ, ಕೈಮುಷ್ಟಿಯಷ್ಟು ದಪ್ಪ ಹೂ. ಒಳಗೆ ಹೋಗುವವರೆಲ್ಲ ಒಂದೊಂದು ಕಿತ್ತು ತಮ್ಮವರಿಗೆ ಒಯ್ಯುತ್ತಾರಂತೆ, ಸಾಹೇಬರಿಗೂ ನಾನೇ ದಿನಾ ಒಂದು ಇಡುತ್ತೇನೆ ಎಂದ ಕಾವಲಿನವನು. ಅವತ್ತು ರಾತ್ರಿಯೇ ಕೂತು ಎಲ್ಲವನ್ನೂ ವಿವರವಾಗಿ, ಸ್ವಲ್ಪ ಭಾವುಕನಾಗಿಯೇ, ಕಾಕಾನಿಗೆ ಎರಡು ಹಾಳೆ ಬರೆದೆ.

ಉತ್ತರ ಒಂದೇ ಸಾಲಿನದು. “ಗಿಡದಿಂದ ಗಿಡಕ್ಕ ಎಷ್ಟು ಅಂತರ ಬಿಟ್ಟಾನ, ಅದು ಬರೀಲೇ ಇಲ್ಲಲ್ಲ?”